ಹೊರಗೆ ಹೋದವರು ಬರುವ ತನಕ

ರಾಜ್ಯ ಒಂದಾದ ಹಬ್ಬಕ್ಕೆ ಧಾರವಾಡದ ನಮ್ಮ ಶಾಲೆಯ ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣ ಇನ್ನೂ ಬಿಚ್ಚಿರಲಿಲ್ಲ. ಆ ವಾರ ನನಗೊಂದು ಕಾರ್ಡು ಬಂತು. ಮೂರೇ ಸಾಲು. "ಬೆಟಗೇರಿಯ ಹಿರಿಯರು ಕಳೆದ ಐತವಾರ ತೀರಿಕೊಂಡರು. ಮಣ್ಣು ಆಯಿತು. ನಿಮಗೆ ತಿಳಿಸಲೇಬೇಕೆಂದು ಅವರ ಮನೆಯವರು ಹೇಳಿದ್ದರಿಂದ ಬರೆದಿದ್ದೇನೆ." ಕೆಳಗೆ ಅಲ್ಲಿಯ ಪಾದ್ರಿಗಳ ಸಹಿ.

ಮೊದಲು ಬಂದದ್ದು ದುಃಖವಲ್ಲ. 'ತಿಳಿಸಲೇಬೇಕು' ಎಂಬ ಮಾತಿನ ಮೇಲೆ ಕಣ್ಣು ನಿಂತುಬಿಟ್ಟಿತು. ಆ ಮನೆ ಬಿಟ್ಟು ಎಂಟು ವರ್ಷವಾಗಿತ್ತು. ಒಂದು ಕಾಗದ ಬರೆದವನಲ್ಲ. ನನಗೇ ಏಕೆ ತಿಳಿಸಬೇಕು? ನಾನು ಮಾಡಿದ್ದು ಅವರ ಹೆಂಡತಿಗೆ ಗೊತ್ತಾಗಿದೆಯೇ? ಕಾರ್ಡಿನ ಹಿಂದೆ ಮುಂದೆ ಮತ್ತೇನಾದರೂ ಬರೆದಿದೆಯೇ ಎಂದು ತಿರುಗಿಸಿ ನೋಡಿದೆ. ನನ್ನ ಸ್ವಭಾವವೇ ಅಂಥದು. ಒಂದು ಬೇಸಿಗೆಯಲ್ಲಿ ಆ ಸ್ವಭಾವ ಮೂವತ್ತು ಜನ ಕುಳಿತಿದ್ದ ಒಂದು ಮನೆಯನ್ನು ಸುಡುವ ತನಕ ಹೋಗಿತ್ತು. ಹೀಗಾಗಿ ಅವರ ಬಗ್ಗೆ ಬರೆಯಲು ಕುಳಿತರೆ ನನ್ನ ಬಗ್ಗೆಯೂ ಒಂದಿಷ್ಟು ಬರೆಯದೆ ದಾರಿಯಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಹೆಸರಿನಿಂದ ಅವರನ್ನು ಕರೆದವರನ್ನೂ ನಾನು ಕಾಣೆ. ಗದಗಿಗೆ ಅಂಟಿಕೊಂಡ ಬೆಟಗೇರಿಯ ನೇಕಾರರ ಆ ಓಣಿಯಲ್ಲಿ ಎಲ್ಲ ಜಾತಿಯವರಿಗೂ, ಪೊಲೀಸ್ ಹವಾಲ್ದಾರನಿಗೂ ಅವರು 'ಹಿರ್ಯಾರು'. ಅಲ್ಲಿಯ ಒಂದು ಸಣ್ಣ ಕ್ರೈಸ್ತ ಸಭೆಗೆ ಹಿರಿಯರು. ಕಸುಬಿನಿಂದ ಸೀರೆ ನೇಯುವವರು. ಪಾದ್ರಿಗಳು ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು, ಉಳಿದ ಐತವಾರಗಳ ಪ್ರಾರ್ಥನೆ ಇವರದೇ.

ಗಿಡ್ಡ ಆಳು. ಲಾಳಿ ಎಳೆದೆಳೆದು ಬಲಭುಜ ಒಂದು ತೂಕ ಕೆಳಗಿಳಿದಿತ್ತು. ಮುಖ, ಕೈ ಕಪ್ಪು. ಪಾದ ಮಾತ್ರ ಬೆಳ್ಳಗೆ, ಬೇರೆ ಯಾರದೋ ಪಾದ ತಂದು ಜೋಡಿಸಿದಂತೆ. ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವರ, ಹೊರಗೆ ಹೊರಟರೆ ಬೂಟು ಮೆಟ್ಟುವವರ ಪಾದಕ್ಕೆ ಬಿಸಿಲು ಎಲ್ಲಿಂದ ಬರಬೇಕು? ವೈಶಾಖದ ಉರಿಯಲ್ಲೂ ಕರಿ ಕೋಟಿನ ಗುಂಡಿ ಕೊರಳ ತನಕ ಹಾಕಿರುತ್ತಿದ್ದರು. ಪ್ರಾರ್ಥನೆಗೆ ನಿಲ್ಲುವ ಮುನ್ನ ತಲೆಯ ರುಮಾಲು ತೆಗೆದು ಪಕ್ಕದಲ್ಲಿಡುವರು. ಅದನ್ನಿಡುವಾಗ ಮಲಗಿದ ಕೂಸನ್ನು ಇಟ್ಟಷ್ಟು ಜೋಕೆ.

ವಾರದಲ್ಲಿ ಮೂರು ದಿನ ಸೀರೆಯ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಂತೆಗೆ ಹೋಗುತ್ತಿದ್ದರು. ಹಿಂದೆ ಲಕ್ಷ್ಮೇಶ್ವರ ಒಬ್ಬ ರಾಜನದು, ಶಿರಹಟ್ಟಿ ಇನ್ನೊಬ್ಬನದು, ಮುಂಡರಗಿ ಬ್ರಿಟಿಷರದು. ಸುಂಕದ ನಾಕಾ ನಾಕಾಗಳಲ್ಲಿ ಗಂಟು ಬಿಚ್ಚಿ ತೋರಿಸಬೇಕಿತ್ತಂತೆ. "ಒಂದ ಸೀರಿ ಮೂರು ಸರಕಾರ ನೋಡತಿತ್ರಿ ಮಾಸ್ತರ. ಉಟ್ಟಾಕಿಗೆ ಒಂದೂ ಗೊತ್ತಿರತಿದ್ದಿಲ್ಲ" ಎಂದು ನಗುತ್ತಿದ್ದರು. ಆ ಊರುಗಳಲ್ಲಿ ಒಂದೆರಡು ಕ್ರೈಸ್ತ ಮನೆಗಳಿದ್ದವು. ಸಂತೆ ಮುಗಿಸಿ ಅಲ್ಲಿ ಕುಳಿತು ಪ್ರಾರ್ಥನೆ ಮಾಡಿ ಬರುವರು.

ನಾನು ಬಿ.ಎ. ಮುಗಿಸಿ ಗದಗಿನ ಶಾಲೆಗೆ ಮಾಸ್ತರನಾಗಿ ಬಂದಾಗ ಅವರ ಮನೆಯ ಮುಂದಿನ ಕೋಣೆ ಹಿಡಿದೆ. ಸ್ವಾತಂತ್ರ್ಯ ಬಂದ ಮರುವರ್ಷ. ಎರಡು ಸಂಸ್ಥಾನಗಳೂ ಆಗಷ್ಟೇ ಕರಗಿದ್ದವು. ಮುಂಡರಗಿಯ ಆಚೆಗೆ ಮಾತ್ರ ಇನ್ನೂ ನಿಜಾಮನ ಸೀಮೆ. ಅಲ್ಲಿ ನಿಜಾಮನ ಕಡೆಯವರು ಊರು ಸುಡುತ್ತಿದ್ದಾರೆಂದು ದಿನವೂ ಮಂದಿ ಗಂಟುಮೂಟೆ ಹೊತ್ತು ಗಡಿ ದಾಟಿ ಬರುತ್ತಿದ್ದರು. ಗದಗಿನಲ್ಲಿ ಅವರಿಗಾಗಿ ಶಿಬಿರಗಳಾಗಿದ್ದವು. ಅಂಥ ಒಂದು ಶಿಬಿರದಲ್ಲಿ ನಾನು ಸಂಜೆ ಹೊತ್ತು ಬರವಣಿಗೆಯ ಕೆಲಸ ಮಾಡುತ್ತಿದ್ದೆ. "ಓಣಿಯೊಳಗ ಯಾರರ ನಿಜಾಮನ ಕಡೆ ಖಬರ ಒಯ್ಯತಾರಂತ ಸಂಶಯ ಬಂದ್ರ ಬರದಿಡ್ರಿ ಮಾಸ್ತರ, ನೀವು ಕಲತಾವ್ರು" ಎಂದಿದ್ದ ಅಲ್ಲಿಯ ತರುಣ ಮುಂದಾಳು ಗುರುಸಿದ್ದ.

ಸಂಶಯಪಡಲು ನಾನು ದೂರ ಹೋಗಬೇಕಾಗಲಿಲ್ಲ. ವಾರಕ್ಕೊಮ್ಮೆ ಗಡಿಯ ತನಕ ಗಂಟು ಕಟ್ಟಿಕೊಂಡು ಹೋಗಿಬರುವ ಮನುಷ್ಯ ಗೋಡೆಯ ಆಚೆಗೇ ಇದ್ದ. ಬಿಳಿಯರು ಹೋದರು, ಅವರ ದೇವರನ್ನು ಹಿಡಿದ ಇವರು ಈಗ ಯಾರ ಕಡೆ? ಕಾಲೇಜಿನಲ್ಲಿ ಓದಿದ್ದೆಲ್ಲ ಇಂಥ ಪ್ರಶ್ನೆ ಕೇಳಲಿಕ್ಕೇ ಬಳಕೆಯಾಯಿತು.

ನನ್ನ ಮಂಚ ಮತ್ತು ಅವರ ಮಗ್ಗದ ನಡುವೆ ಒಂದು ಮಣ್ಣಿನ ಗೋಡೆ. ನಸುಕಿನಲ್ಲಿ ಮಗ್ಗ ಶುರುವಾಗುತ್ತಿತ್ತು. ಲಾಳಿ ಹೋಗುವ ಸಪ್ಪಳ, ಹಣಿಗೆ ಬಡಿಯುವ ಸಪ್ಪಳ, ನಡುವೆ ಸಣ್ಣ ದನಿಯಲ್ಲಿ ಒಂದು ಹೆಸರು. ಮತ್ತೆ ಲಾಳಿ, ಮತ್ತೆ ಹಣಿಗೆ, ಮತ್ತೊಂದು ಹೆಸರು. ಫೌಜದಾರರ ಹೆಸರು. ಶಿರಹಟ್ಟಿಯ ಒಬ್ಬ ಮುದುಕಿಯ ಹೆಸರು. ಗುರುಸಿದ್ದನ ಹೆಸರು. ಒಂದು ದಿನ ನನ್ನದು. ಮಂಚದ ಮೇಲೆ ಎದ್ದು ಕುಳಿತೆ. ಮುಂಜಾನೆ ಚಹಾ ಕುಡಿಯುವಾಗ ನೇರವಾಗಿಯೇ ಕೇಳಿದೆ.

"ನನ್ನ ಹೆಸರು ಯಾಕ ತಗೋತೀರಿ?"

"ಎಲ್ಲಾರ್ದೂ ತಗೋತೀನ್ರಿ. ಅದ ನನ್ನ ಪೂಜಾ. ಕೈ ಖಾಲಿ ಇಟಗೊಂಡು ಮಾಡಾಕ ನನಗ ಬರೂದಿಲ್ಲ."

"ಹೆಸರು ಹೇಳಿ ಏನ ಬೇಡತೀರಿ?"

"ಏನ ಬೇಡಲಿ? ಯಾರಿಗೆ ಏನ ಬೇಕು ಅವನಿಗೆ ಗೊತ್ತೈತಿ. ಹೆಸರು ಬಾಯಾಗ ಬರಬೇಕಾದ್ರ ಗಂಟಲಾಗ ಎಲ್ಲೆ ಸಿಗತೈತಿ, ಅದು ನನಗ ಗೊತ್ತಾಗಬೇಕಲ್ರಿ."

ಆ ಉತ್ತರ ನನಗೆ ಜಾಣತನದ ಹಾಗೆ ಕಂಡಿತು. ಸರಿಯಾದ ಉತ್ತರವಿಲ್ಲದವರು ಹೀಗೆ ಮಾತಾಡುತ್ತಾರೆ ಎಂದುಕೊಂಡೆ. ಹೆಸರುಗಳನ್ನು ಬರೆದಿಟ್ಟೆ.

ಅವರ ಪ್ರಾರ್ಥನೆಮನೆ ನಮ್ಮ ಎದುರಿಗೇ ಇತ್ತು. ಹಿಂದೆ ನೂಲು ತುಂಬಿಡುತ್ತಿದ್ದ ಉದ್ದನೆಯ ಹೆಂಚಿನ ಕೋಣೆ. ಬಾಗಿಲು ಒಂದೇ. ತಿಂಗಳ ಮೊದಲ ಐತವಾರ ಪಾದ್ರಿಗಳು ಬಂದು 'ಕರ್ತನ ಪಂಕ್ತಿ' ನಡೆಸುತ್ತಿದ್ದರು. ರೊಟ್ಟಿಯ ಚೂರು, ದ್ರಾಕ್ಷಿ ರಸದ ಗುಟುಕು, ಎಲ್ಲರೂ ಹಂಚಿಕೊಳ್ಳುವುದು. ಅಷ್ಟು ನನಗೆ ಗೊತ್ತಿತ್ತು. ತಿಳಿಯದಿದ್ದದ್ದು ಇನ್ನೊಂದು. ಆ ಐತವಾರ ಪೂಜೆಯ ನಡುವೆಯೇ ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದರು. ಒಬ್ಬಾಕೆ ಅಸುಂಡಿಯ ಹಾದಿ ಹಿಡಿದಳು. ಇಬ್ಬರು ಹಿರೇಹಂದಿಗೋಳದ ಕಡೆ ಹೋದರು. ತಾಸು ಬಿಟ್ಟು, ಎರಡು ತಾಸು ಬಿಟ್ಟು ಬಂದು ಸುಮ್ಮನೆ ಒಳಗೆ ಕುಳಿತರು. ಅಲ್ಲಿಯ ತನಕ ಒಳಗಿನವರು ಹಾಡುತ್ತ ಕುಳಿತಿರುತ್ತಿದ್ದರು. ಯಾವ ದೇವರ ಪೂಜೆ ಹೀಗೆ ನಡೆಯುತ್ತದೆ? ಹಿರಿಯರನ್ನು ಕೇಳಿದೆ.

"ಅಷ್ಟೊತ್ತು ಒಳಗ ಏನ ಮಾಡತೀರಿ?"

"ಕಾಯ್ತೀವ್ರಿ."

"ಯಾರನ್ನ?"

"ಹೊರಗ ಹ್ವಾದವ್ರನ್ನ."

"ಅವರು ಎಲ್ಲಿಗೆ ಹೋಗತಾರ?"

"ಅದು ಅವರದರಿ. ನಾ ಹೇಳಬಾರದು."

ಇದಕ್ಕಿಂತ ಹೆಚ್ಚಿನ ಪುರಾವೆ ನನಗೆ ಬೇಕಿರಲಿಲ್ಲ. ಕಿಟಕಿಯಲ್ಲಿ ಕುಳಿತು ಎರಡು ತಿಂಗಳು ವೇಳೆ, ದಿಕ್ಕು, ಆಳು ಗುರುತು ಮಾಡಿದೆ. ದುಂಡನೆಯ ಅಕ್ಷರದಲ್ಲಿ ಒಂದು ಹಾಳೆ ಬರೆದು ಗುರುಸಿದ್ದನಿಗೆ ಕೊಟ್ಟೆ. ಅವನು ಓದಿ, "ಬರೂ ಐತ್ವಾರ ನೀವ ಒಳಗ ಕುಂತು ನೋಡ್ರಿ" ಎಂದ. ತಾನು ಮಂದಿ ಕಟ್ಟಿಕೊಂಡು ಬರುವೆನೆಂದು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳದೆ ಇದ್ದದ್ದು ಮರೆವಿನಿಂದಲೋ ಬೇಕೆಂದೋ ಎಂಬ ಅನುಮಾನ ನನಗೆ ಈಗ ಇದೆ.

ಆ ಐತವಾರ ಹಿಂದಿನ ಬೆಂಚಿನಲ್ಲಿ ಕುಳಿತೆ. ಇದ್ದದ್ದು ಒಂದೇ ಬೆಂಚು, ಉಳಿದವರೆಲ್ಲ ಜಮಖಾನೆಯ ಮೇಲೆ. ಹಿರಿಯರು ನನ್ನನ್ನು ನೋಡಿ ಸಂತೋಷದಿಂದ ತಲೆಯಾಡಿಸಿದರು. ಪಾದ್ರಿಗಳು ಉಪದೇಶ ಮುಗಿಸಿದರು. ಮೇಜಿನ ಮೇಲೆ ರೊಟ್ಟಿ, ಬಟ್ಟಲು. ಮೇಲೆ ಹಿರಿಯರೇ ನೇಯ್ದ ಬಿಳಿ ಅರಿವೆ. ಅವರು ಎದ್ದು ರುಮಾಲು ತೆಗೆದಿಟ್ಟು ಮೇಜಿನ ಮುಂದೆ ನಿಂತರು.

"ಪಂಕ್ತಿಗೆ ಕುಂಡ್ರೂಕಿಂತ ಮೊದಲ ಕೇಳತೀನಿ. ಯಾರ ಮ್ಯಾಲರ ನಿಮಗ ಏನರ ಐತೇನು? ನಿಮ್ಮ ಮ್ಯಾಲೆ ಯಾರಿಗರ ಏನರ ಐತೇನು? ಇದ್ರ ಹೋಗಿ ಬಗಿಹರಸ್ಕೊಂಡ ಬರ್ರಿ. ನಾವು ಕಾಯ್ತೀವಿ."

ಒಬ್ಬ ಮುದುಕಿ ಎದ್ದಳು. "ನಂದೊಂದೈತ್ರಿ. ಬಾವಿಕಟ್ಟಿ ಮ್ಯಾಲೆ ಬಸವ್ವನ ಕೊಡ ಒದ್ದೀನಿ."

"ಕೊಡ ಒಡೀತೇನವಾ?"

"ತಾಮ್ರದ ಕೊಡರಿ, ಎಲ್ಲಿ ಒಡೀತೈತಿ? ನನ್ನ ಬೆರಳ ಬಾತೈತಿ."

ಎಲ್ಲರೂ ನಕ್ಕರು. ಆಕೆ ಕುಂಟುತ್ತ ಹೊರಗೆ ಹೋದಳು. ನಂತರ ಬಹಳ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ಯೋಹಾನಪ್ಪ ಎಂಬ ನೇಕಾರ, ನಲವತ್ತರ ಆಳು, ಮೊಣಕಾಲು ಹಿಡಿದು ಎದ್ದ.

"ಕಳಸಾಪುರಕ್ಕ ಹೋಗಬೇಕ್ರಿ."

"ಈಗ?" ಎಂದರು ಪಾದ್ರಿಗಳು.

"ತಮ್ಮ ಅದಾನ್ರಿ ಅಲ್ಲೆ. ಹನ್ನೊಂದು ವರ್ಷ ಆತು ಮಾತ ಬಿಟ್ಟು."

"ನನ್ನ ಸೈಕಲ್ ಒಯ್ಯಪಾ. ಹಿಂದಿನ ಗಾಲಿ ಗಾಳಿ ನೋಡ್ಕೊ" ಎಂದರು ಹಿರಿಯರು.

ಪಾದ್ರಿಗಳು ಗಡಿಯಾರ ನೋಡಿದರು. "ಹಿರ್ಯಾರ, ನಂದು ಹುಬ್ಬಳ್ಳಿ ಗಾಡಿ ಐತಿ."

"ಗಾಡಿ ದಿನಾ ಐತ್ರಿ ಅಯ್ಯನೋರ. ಯೋಹಾನಪ್ಪ ಎದ್ದದ್ದು ಇವತ್ತ."

ಆಗ ತಿಳಿಯಿತು. ಅಸುಂಡಿಯ ಹಾದಿ, ಹಿರೇಹಂದಿಗೋಳದ ಹಾದಿ, ಎರಡು ತಾಸು, ಎಲ್ಲ ತಿಳಿಯಿತು. ನಾನು ಗುರುತು ಮಾಡಿದ್ದು ಖಬರು ಒಯ್ಯುವವರನ್ನಲ್ಲ, ತಪ್ಪಾಯಿತು ಎಂದು ಹೇಳಲು ಹೊರಟವರನ್ನು. ಬೆಂಚಿನ ಮೇಲೆ ಕೈ ಊರಿಕೊಂಡು ಕುಳಿತೆ. ಹಾಳೆಯನ್ನು ಹೇಗೆ ವಾಪಸು ಪಡೆಯುವುದು, ಗುರುಸಿದ್ದನಿಗೆ ಏನು ಹೇಳುವುದು ಎಂದು ಯೋಚಿಸುತ್ತಿರುವಾಗಲೇ ಮುದುಕಿ ಏದುಸಿರು ಬಿಡುತ್ತ ಒಳಗೆ ಬಂದಳು.

"ಹಿರ್ಯಾರ, ಮಂದಿ ಬರಾಕತ್ತಾರ. ಕೈಯಾಗ ಬಡಿಗಿ ಅದಾವು. ಒಬ್ಬನ ಕಡೆ ಚಿಮಣಿ ಎಣ್ಣಿ ಡಬ್ಬಿ ಐತಿ."

"ಬಸವ್ವನ ಕೂಡ ಆತೇನವಾ?" ಎಂದು ಕೇಳಿದರು ಅವರು.

"ಆತ್ರಿ. ನಕ್ಕಳು. ಹಿರ್ಯಾರ, ಮಂದಿ..."

"ಕೇಳಿತವಾ. ಕುಂಡ್ರು."

ಎಲ್ಲರೂ ಎದ್ದು ನಿಂತಿದ್ದರು. ಪಾದ್ರಿಗಳು "ಬಾಗಲಾ ಹಾಕ್ರಿ!" ಎಂದು ಕೂಗಿದರು. ಇಬ್ಬರು ಓಡಿ ಬಾಗಿಲಿಗೆ ಕೈ ಹಚ್ಚಿದರು.

"ಹಾಕಬ್ಯಾಡ್ರಿ. ಯೋಹಾನಪ್ಪ ಹೊರಗದಾನ."

"ಹಿರ್ಯಾರ, ಹೆಣ್ಮಕ್ಕಳು, ಸಣ್ಣ ಹುಡುಗ್ರು ಅದಾರ ಒಳಗ!"

"ಅದಾರ. ಅವನೂ ನಮ್ಮಾವನ. ಕಾಯ್ತೀವಂತ ಹೇಳಿ ಕಳಿಸೀವಿ. ಅವ ಬರೂತನಾ ಬಾಗಲಾ ತಗದಿರಬೇಕು."

ಹೆಂಗಸರ ಸಾಲಿನಿಂದ ಅವರ ಹೆಂಡತಿಯ ದನಿ ಬಂತು. "ಅವ ಬಂದ ಮ್ಯಾಲರ ಹಾಕ್ತೀರಿಲ್ಲೋ?"

"ಆವಾಗ ನೋಡೂಣು."

ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಬಂದದ್ದು ದ್ವೇಷ. ಮೂವತ್ತು ಜೀವ ಒಬ್ಬನಿಗಾಗಿ! ಇದು ಭಕ್ತಿಯೋ ಹಟವೋ? ಇಂದಿಗೂ ನನಗೆ ಖಚಿತವಿಲ್ಲ. ಒಣ ಜಂತಿಗಳನ್ನು ನೋಡಿದೆ. ಕೆಳಗೆ ಉಳಿದಿದ್ದ ಹಳೆಯ ನೂಲಿನ ಗಂಟುಗಳನ್ನು ನೋಡಿದೆ. ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ನಾನೇ ಇದ್ದೆ. ಓಡಬಹುದಿತ್ತು. ಓಡಿದರೆ ಹೊರಗಿನವರು "ಮಾಸ್ತರ, ನೀವ ಬರದದ್ದು ಖರೆ ಆತು" ಎನ್ನುತ್ತಿದ್ದರು. ಅದಕ್ಕೇ ಓಡಲಿಲ್ಲ, ಧೈರ್ಯದಿಂದಲ್ಲ.

ನಲವತ್ತು ಮಂದಿ ಇರಬಹುದು. ಮುಂದೆ ಗುರುಸಿದ್ದ, ಕೈಯಲ್ಲಿ ನನ್ನ ಹಾಳೆ. ಡಬ್ಬಿ ಹಿಡಿದವನು ಗಡಿಯಾಚೆಯಿಂದ ಆ ವಾರವಷ್ಟೇ ಬಂದವನು. ಅವನ ಮನೆ ಸುಟ್ಟದ್ದು ಸುಳ್ಳಲ್ಲ, ಅವನ ಹೇಳಿಕೆಯನ್ನು ಶಿಬಿರದಲ್ಲಿ ನಾನೇ ಬರೆದುಕೊಂಡಿದ್ದೆ. ಡಬ್ಬಿಯ ಬಾಯಿಗೆ ಹರಕು ಅರಿವೆ ತುರುಕಿದ್ದ. ಅದರ ವಾಸನೆ ನನ್ನ ಬೆಂಚಿನ ತನಕ ಬಂತು. ಈಗಲೂ ಕಂದೀಲಿಗೆ ಎಣ್ಣೆ ಹಾಕುವಾಗ ನಾನು ಬೇರೆ ಕೋಣೆಗೆ ಹೋಗುತ್ತೇನೆ.

ಹಿರಿಯರು ಹೊಸ್ತಿಲಲ್ಲಿ ನಿಂತಿದ್ದರು. ರುಮಾಲು ಒಳಗೇ ಇತ್ತು, ಬರಿತಲೆ.

"ಈಗ ಒಬ್ಬನ್ನ ಸೈಕಲ್ ಮ್ಯಾಲೆ ಎಲ್ಲಿಗೆ ಕಳಿಸೀದಿ?" ಎಂದ ಗುರುಸಿದ್ದ.

"ಕಳಸಾಪುರಕ್ಕ."

"ಏನ ಖಬರ ಕೊಟ್ಟು?"

"ಖಬರ ಇಲ್ರಿ. ತಮ್ಮನ ಕೂಡ ಜಗಳ ಐತಿ, ಬಗಿಹರಸ್ಕೊಂಡ ಬಾ ಅಂತ ಕಳಿಸೀನಿ."

"ಪೂಜಾ ನಟ್ಟನಡಕ ಬಿಟ್ಟು?" ಗುಂಪು ನಕ್ಕಿತು. ಮುದುಕಿಯ ಮಾತಿಗೆ ಒಳಗಿನವರು ನಕ್ಕಂಥ ನಗೆ ಅದಲ್ಲ.

"ಅದನ್ನ ಬಿಟ್ಟ ಮಾಡಿದ್ರ ನಮ್ಮಲ್ಲೆ ಪೂಜಾ ಆಗೂದಿಲ್ರಿ."

ಗುರುಸಿದ್ದ ಹಾಳೆಯನ್ನು ಅವರ ಮುಖಕ್ಕೆ ಹಿಡಿದ. "ಇದೇನು? ಅಸುಂಡಿ ಹಾದಿ, ಹಂದಿಗೋಳದ ಹಾದಿ, ಎಲ್ಲಾ ಬರದೈತಿ. ಎಲ್ಲಾರೂ ಜಗಳ ಬಗಿಹರಸಾಕ ಹೋಗಿದ್ರೇನು?"

ಅವರು ಹಾಳೆ ತೆಗೆದುಕೊಂಡು ಓದಿದರು. ಮೊದಲ ಸಾಲಿನಿಂದ ಕೊನೆಯ ತನಕ. ಸಂತೆಯ ಊರುಗಳಿಗೆ ಅವರ ಕಾಗದ ಬರೆದುಕೊಡುತ್ತಿದ್ದವನು ನಾನು. ಆ ಅಕ್ಷರ ಅವರಿಗೆ ಗೊತ್ತಿಲ್ಲದ್ದಲ್ಲ. ಈಗ ತಿರುಗುತ್ತಾರೆ, ಈಗ ನನ್ನನ್ನು ನೋಡುತ್ತಾರೆ ಎಂದುಕೊಂಡೆ. ತಿರುಗಲಿಲ್ಲ. ನಾಲ್ಕು ಮಡಿಕೆ ಮಾಡಿ ಕೋಟಿನ ಕಿಸೆಗೆ ಇಟ್ಟರು.

"ಬರದಾವ್ರು ಛಲೋ ಬರದಾರ್ರಿ. ಎಲ್ಲಾ ಖರೆ ಐತಿ. ಯಾಕ ಹ್ವಾದ್ರು ಅನ್ನೂದೊಂದ ಬಿಟ್ಟಾರ."

ಯಾರೋ ಹಿಂದಿನಿಂದ "ಹಚ್ಚಲೇ!" ಎಂದರು. ಡಬ್ಬಿಯವನು ಒಂದು ಹೆಜ್ಜೆ ಮುಂದೆ ಬಂದ. ಹಿರಿಯರು ಅವನಿಗೇ ಹೇಳಿದರು.

"ನಿಮಗ ನಂಬಿಕಿ ಬರಂಗಿಲ್ಲ. ನಿಮ್ಮ ಜಾಗಾದಾಗ ನಾ ಇದ್ರೂ ನಂಬತಿದ್ದಿಲ್ಲ. ಅವ ಬರತಾನ, ಅವನ್ನ ಕೇಳ್ರಿ. ಅಲ್ಲೀತನಾ ನಾವೂ ಕಾಯ್ತೀವಿ, ನೀವೂ ಕುಂಡ್ರಿ."

"ಬರಲಿಲ್ಲಂದ್ರ?"

"ಎಲ್ಲಿ ಓಡಿ ಹೋಗೂಣ್ರಿ? ಒಂದ ಬಾಗಲಾ ಐತಿ. ಅದರಾಗ ನಾ ನಿಂತೀನಿ."

ಸುಡಲು ಬಂದ ಗುಂಪಿನವರು ಕಾದರು. ಏಕೆ ಕಾದರೋ ನನಗೆ ತಿಳಿಯದು. ಅವರಿಗೂ ಬಾಗಿಲು ತೆರೆದಿದ್ದದ್ದು ತೊಡಕಾಯಿತೇನೋ. ಬೇವಿನ ಮರದ ಕೆಳಗೆ ಬಡಿಗೆ ಮಡಿಲಲ್ಲಿಟ್ಟು ಕುಳಿತರು. ಒಳಗಿನವರು ಒಂದು ಹಾಡು ಶುರುಮಾಡಿ ನಡುವೆ ಮರೆತರು, ಮತ್ತೆ ಶುರುಮಾಡಿದರು. ನಡುವೆ ಬಸವ್ವ ಅದೇ ತಾಮ್ರದ ಕೊಡ ಹೊತ್ತು ಬಂದಳು. ಮರದ ಕೆಳಗಿನವರನ್ನು ಕಂಡು, "ಬಿಸಲಾಗ ಕುಂತೀರಿ, ನೀರ ಕುಡೀರಿ. ಕುಡದು ಮನೀಗೆ ಹೋಗ್ರಿ, ನಾಚಿಕಿಲ್ಲದಾವ್ರ" ಎಂದು ಬೈಯುತ್ತ ಒಬ್ಬೊಬ್ಬರ ಬೊಗಸೆಗೆ ಸುರಿದಳು. ಕುಡಿದರು. ಹೋಗಲಿಲ್ಲ. ನಾನು ಗಡಿಯಾರ ನೋಡುತ್ತ ಕುಳಿತೆ. ಒಂದು ತಾಸು. ಒಂದೂಕಾಲು. ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ಗಾಳಿ ಇತ್ತೋ ಇಲ್ಲವೋ. ತಮ್ಮ ಊರಲ್ಲಿ ಇದ್ದನೋ ಇಲ್ಲವೋ. ಇದ್ದರೂ ಮಾತಾಡಿಸಿದನೋ, ಅಟ್ಟಿಸಿಕೊಂಡು ಬಂದನೋ. ಎಂಟು ವರ್ಷವಾಯಿತು, ಆ ಲೆಕ್ಕವನ್ನು ನಾನು ಈಗಲೂ ಹಾಕುತ್ತೇನೆ.

ಕೊನೆಗೆ ಗಂಟೆಯ ಸಪ್ಪಳ ಬಂತು. ಯೋಹಾನಪ್ಪ ಬೆವರಿನಲ್ಲಿ ತೊಯ್ದು ಸೈಕಲ್ ತುಳಿಯುತ್ತಿದ್ದ. ಹಿಂದಿನ ಕ್ಯಾರಿಯರ್ ಮೇಲೆ ಒಬ್ಬ ದೊಡ್ಡ ಆಳು, ಹಣೆಯಲ್ಲಿ ವಿಭೂತಿ, ಮೈಮೇಲೆ ಅಂಗಿಯಿಲ್ಲ, ಕಾಲಲ್ಲಿ ಹೊಲದ ಮಣ್ಣು. ಬರುವ ಹಾದಿಯುದ್ದಕ್ಕೂ ಬೈಯುತ್ತಲೇ ಬಂದಿದ್ದನೆಂದು ಕಾಣುತ್ತದೆ.

"ಅವ್ವನ ಮಣ್ಣಿಗೆ ಬರಲಾರದ ಮಗ, ಈಗ ಬಂದು ಕಾಲ ಹಿಡೀತಾನ್ರಿ! ಹೊಲದಾಗ! ಎತ್ತಿನ ಮುಂದ!"

"ಜಾತಿ ಬಿಟ್ಟಾನಂತ ನೀವೆಲ್ಲಾ ಬಾಗಲದಾಗಿಂದ ಹಾದಿಗೆ ಹಚ್ಚಿದ್ರಿ, ನಾ ಎಲ್ಲಿ ಬರಲಿ?" ಎಂದ ಯೋಹಾನಪ್ಪ ಅಳುತ್ತ.

ಗುಂಪಿನಲ್ಲಿ ಒಬ್ಬ ಗುರುತು ಹಿಡಿದ. "ಫಕೀರಪ್ಪಣ್ಣ, ನೀ ಇಲ್ಲೆ?"

"ಅಲ್ಲೆ ಎಲ್ಲಾರೂ ಕಾಯಾಕತ್ತಾರ, ಬಾ ಅಂದ ಇವ. ಯಾರ ಕಾಯ್ತಾರ ನೋಡೂಣಂತ ಬಂದೆ." ಫಕೀರಪ್ಪ ಮರದ ಕೆಳಗಿನ ನಲವತ್ತು ಮಂದಿಯನ್ನು ಕಣ್ಣು ಹಾಯಿಸಿ ನೋಡಿದ. ಬರಿಮೈಯನ್ನು ಎರಡೂ ಕೈಯಿಂದ ಮುಚ್ಚಿಕೊಂಡ. "ಇಷ್ಟ ಮಂದಿ ಕಾಯ್ತೀರಂತ ಗೊತ್ತಿದ್ರ ಅಂಗಿ ಹಾಕ್ಕೊಂಡ ಬರತಿದ್ನೆಲ್ಲರ್ಯಾ!"

ಮೊದಲು ನಕ್ಕವಳು ಬಸವ್ವ. ಆಮೇಲೆ ತಡೆಯಲಾಗಲಿಲ್ಲ. ನಗೆಯ ನಡುವೆಯೇ ಬಡಿಗೆಗಳು ಬೆನ್ನ ಹಿಂದೆ ಹೋದವು. ಗುರುಸಿದ್ದ ಒಳಗೆ ಕುಳಿತ ನನ್ನತ್ತ ಒಮ್ಮೆ ನೋಡಿ, ಮೋಸ ಮಾಡಿದವನನ್ನು ನೋಡುವಂತೆ ನೋಡಿ, ಹೊರಟುಹೋದ. ಡಬ್ಬಿಯವನು ಕೊನೆಗೆ ಎದ್ದ. ಹಿರಿಯರು ಅವನ ಊರಿನ ಹೆಸರು ಕೇಳಿದರು, ಅವನ ಹೆಸರು ಕೇಳಿದರು. ಅವನು ಹೇಳಿ ಡಬ್ಬಿ ಎತ್ತಿಕೊಂಡು ಹೋದ. ಶಿಬಿರದಲ್ಲಿ ದೀಪಕ್ಕೂ ಅದೇ ಎಣ್ಣೆ.

ಎಲ್ಲರೂ ಒಳಗೆ ಬಂದು ಕುಳಿತರು. ಪಾದ್ರಿಗಳು ಮೇಜಿನ ಹಿಂದೆ ಹೋಗಿ ನಿಂತರು. ಹಿರಿಯರು ಮೇಜಿನ ಕಡೆ ಹೋಗಲಿಲ್ಲ. ನೇರವಾಗಿ ಹಿಂದಿನ ಬೆಂಚಿಗೆ ಬಂದು ನನ್ನ ಮುಂದೆ ನಿಂತರು. ನನಗಷ್ಟೇ ಕೇಳುವಂತೆ ಕೇಳಿದರು.

"ಮಾಸ್ತರ, ನನ್ನ ಮ್ಯಾಲೆ ನಿಮಗ ಏನರ ಐತೇನ್ರಿ?"

ಹೌದು, ಆ ಹಾಳೆ ಬರೆದದ್ದು ನಾನು. ಅಷ್ಟು ಹೇಳಲು ಒಂದು ಉಸಿರು ಸಾಕಿತ್ತು.

"ಏನೂ ಇಲ್ರಿ" ಎಂದೆ.

ಅವರು ಇನ್ನಷ್ಟು ಹೊತ್ತು ನಿಂತರು. ಬೆಳ್ಳನೆಯ ಆ ಪಾದಗಳನ್ನು ನೋಡುತ್ತ ಕುಳಿತೆ. ಆಮೇಲೆ ಅವು ಹಿಂದಿರುಗಿದವು. ಅರಿವೆ ತೆಗೆದರು, ರೊಟ್ಟಿ ಹಂಚಿದರು. ತಟ್ಟೆ ಅವರ ಕೈಗೆ ಬಂತು. ಅದನ್ನು ಪಕ್ಕದವನಿಗೆ ದಾಟಿಸಿದರು. ತಾವು ಮುಟ್ಟಲಿಲ್ಲ. ನೋಡಿದೆ, ಗಾಬರಿಯಲ್ಲಿ ಮರೆತಿರಬೇಕು ಎಂದುಕೊಂಡೆ.

ಮರುದಿನ ನಸುಕಿನಲ್ಲಿ ಮಗ್ಗದ ಸಪ್ಪಳದ ಜೊತೆ ಬಂದ ಮೊದಲ ಹೆಸರು ನನ್ನದು. ಅದರ ಮರುದಿನವೂ. ಹಿಂದೆ ಎಲ್ಲರ ನಡುವೆ ಎಲ್ಲೋ ಬರುತ್ತಿತ್ತು. ಈಗ ಮೊದಲು ಅದು, ಆಮೇಲೊಂದು ತಡೆ, ಆಮೇಲೆ ಉಳಿದವರು. ಇದು ಶಿಕ್ಷೆಯೋ, ಹಂಗಿಸುವುದೋ? ಬೈದಿದ್ದರೆ ಸಹಿಸುತ್ತಿದ್ದೆ. ಮೂರು ತಿಂಗಳಲ್ಲಿ ಧಾರವಾಡದಲ್ಲಿ ಕೆಲಸ ಹುಡುಕಿಕೊಂಡೆ. ಹೊರಡುವ ದಿನ ಅವರೇ ನನ್ನ ಹಾಸಿಗೆಯ ಸುರುಳಿಯನ್ನು ಟಾಂಗಾಕ್ಕೆ ಹೊತ್ತು ತಂದರು. "ಬಾಗಲಾ ತಗದಿರತೈತ್ರಿ ಮಾಸ್ತರ" ಎಂದರು. ಕರೆಯೋ, ಚುಚ್ಚೋ? ರೈಲಿನಲ್ಲಿ ದಾರಿಯುದ್ದಕ್ಕೂ ಅದನ್ನೇ ತೂಗುತ್ತಿದ್ದೆ.

ಕಾರ್ಡು ಬಂದ ಮರುತಿಂಗಳು, ಮೊದಲ ಐತವಾರ ಬೆಟಗೇರಿಗೆ ಹೋದೆ. ಅವರ ಹೆಂಡತಿ ಪಡಸಾಲೆಯಲ್ಲಿ ರಾಟಿ ಮುಂದೆ ಕುಳಿತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಮಗ್ಗಕ್ಕೆ ಬಿಳಿ ಅರಿವೆ ಹೊದಿಸಿತ್ತು.

"ಬಂದ್ರೇನು. ಕುಂಡ್ರಿ." ರಾಟಿ ನಿಲ್ಲಲಿಲ್ಲ. "ಎಂಟು ವರ್ಷ ಅವರು ಪಂಕ್ತಿ ಮುಟ್ಟಲಿಲ್ರಿ. ಎಲ್ಲಾರಿಗೂ ಹಂಚತಿದ್ರು, ತಾವು ತಗೋತಿದ್ದಿಲ್ಲ. ಅಯ್ಯನೋರು ಕೇಳಿದ್ರು. ನಾ ಕೇಳಿದೆ, ಬೈದೆ, ಅತ್ತೆ. 'ಒಬ್ಬರು ಹೊರಗ ಹೋಗ್ಯಾರ, ಇನ್ನೂ ಬಂದಿಲ್ಲ' ಅಂತಿದ್ರು. ಯಾರು ಅಂದ್ರ ಹೇಳತಿದ್ದಿಲ್ಲ."

"ಮತ್ತ ನನಗ ಯಾಕ ತಿಳಿಸಿದ್ರಿ?"

"ಮಗ್ಗದ ಸಪ್ಪಳ ನನಗೂ ಕೇಳತಿತ್ತಲ್ರಿ."

ಆಗ ಹೇಳಿದೆ. ಹಾಳೆ, ಕಿಟಕಿ, ಗುರುಸಿದ್ದ, ಬೆಂಚಿನ ಮೇಲೆ ಹೇಳಿದ ಸುಳ್ಳು. ರಾಟಿ ನಿಂತಿತು.

"ಇದನ್ನ ಅವರಿಗೆ ಹೇಳಾಕ ಎಷ್ಟೊತ್ತು ಬೇಕಾಗತಿತ್ರಿ?"

ಆಕೆ ನೂಲಿನ ಎಳೆಯನ್ನು ಹಲ್ಲಿನಿಂದ ಕಡಿದು ಎದ್ದರು.

"ನೀವು ಬರೂತನಾ ನನಗ ಬರೇ ಸಂಶಯ ಇತ್ತು. ಈಗ ನಿಮ್ಮ ಮ್ಯಾಲೆ ಸಿಟ್ಟ ಐತಿ. ಇದನ್ನ ಇಟಗೊಂಡು ನಾನೂ ಇವತ್ತ ಪಂಕ್ತಿ ಮುಟ್ಟಂಗಿಲ್ಲ. ನನಗ ಹೇಳಿ ನಿಮ್ಮ ಹೊರಿ ಇಳಿಸಿದ್ರಿ, ಛಲೋ ಆತು. ಬರೂ ತಿಂಗಳ ಬರ್ರಿ."

"ಬಂದ್ರ?"

"ಬಂದ್ರ ನೋಡೂಣು. ಆಗಲಿಲ್ಲಂದ್ರ ಮುಂದಿನ ತಿಂಗಳ."

ಹೋದೆ. ಅದರ ಮುಂದಿನ ತಿಂಗಳೂ ಹೋದೆ. ಅದೇ ಬೆಂಚು. ಈಗ ಹಿರಿಯತನ ಯೋಹಾನಪ್ಪನದು. ಅವನು ಆ ಪ್ರಶ್ನೆ ಕೇಳಿದಾಗ ನಾನು ಆಕೆಯ ಬೆನ್ನು ನೋಡುತ್ತೇನೆ. ತಟ್ಟೆ ಬಂದಾಗ ಆಕೆ ಮುಟ್ಟದೆ ದಾಟಿಸುತ್ತಾರೆ. ನಾನು ಅವರ ಮತದವನಲ್ಲ, ಆ ರೊಟ್ಟಿ ನನಗಲ್ಲ. ಆದರೆ ನನ್ನಿಂದ ಒಂದು ಮನೆಯಲ್ಲಿ ಇಬ್ಬರು ಹಸಿದು ಎದ್ದಂತೆ ಅನಿಸುತ್ತದೆ. ಆಕೆ ನಿಜವಾಗಿ ಸಿಟ್ಟಿನ ಜೊತೆ ಹೆಣಗುತ್ತಿದ್ದಾರೋ, ನನ್ನನ್ನು ಸುಮ್ಮನೆ ಅಲೆಸುತ್ತಿದ್ದಾರೋ? ಧಾರವಾಡಕ್ಕೆ ಮರಳುವ ರೈಲಿನಲ್ಲಿ ಈ ಅನುಮಾನವೂ ಬರುತ್ತದೆ. ಕಾಯುವುದೂ ಶಿಕ್ಷಿಸುವುದೂ ದೂರದಿಂದ ನೋಡಿದವನಿಗೆ ಒಂದೇ ಥರ ಕಾಣುತ್ತವೆ. ದೂರದಿಂದ ನೋಡುವುದರಲ್ಲಿ ನಾನು ಎಂಥವನೆಂದು ಈಗಾಗಲೇ ಬರೆದಿದ್ದೇನೆ.

ಕಳೆದ ಐತವಾರ ಯೋಹಾನಪ್ಪ ಪ್ರಶ್ನೆ ಕೇಳಿದ. ಬಾಗಿಲು ತೆರೆದಿತ್ತು. ಆಕೆ ನೆಲಕ್ಕೆ ಕೈಯೂರಿ ಎದ್ದರು. ಹೆಂಗಸರ ಸಾಲು ದಾಟಿ, ನನ್ನ ಬೆಂಚಿನ ಪಕ್ಕದಿಂದ ನನ್ನತ್ತ ನೋಡದೆ ಹೊರಗೆ ಹೋದರು. ಹಳೆಯ ಚಟ, ಗಡಿಯಾರ ನೋಡಿದೆ. ಒಂಬತ್ತೂ ಇಪ್ಪತ್ತು. ಯಾವ ಹಾದಿ ಹಿಡಿಯುತ್ತಾರೆಂದು ಕತ್ತು ಹೊರಳಿಸಿದೆ. ಆಕೆ ಎಲ್ಲಿಯೂ ಹೋಗಲಿಲ್ಲ. ಬೇವಿನ ಮರದ ಕೆಳಗೆ ನಿಂತು ತಿರುಗಿದರು.

"ಹೊರಗ ಬರ್ರಿ ಮಾಸ್ತರ. ಒಳಗ ಮಂದಿ ಕಾಯಾಕತ್ತಾರ."

ಮೂವತ್ತು ಜನರಲ್ಲಿ ಒಬ್ಬರೂ ನನ್ನತ್ತ ತಿರುಗಲಿಲ್ಲ. ಯೋಹಾನಪ್ಪ ಮೇಜಿನ ಮೇಲಿನ ಅರಿವೆಯ ಅಂಚು ಸರಿಮಾಡಿ ಕುಳಿತ. ಯಾರೋ ಹಾಡು ಎತ್ತಿಕೊಂಡರು. ನಾನು ಎದ್ದೆ.